ಓರೆ ಗುರುತಿಗೆ ಗಾಜಿನ ಪೆಟ್ಟಿಗೆ

ಸಿಟ್ಟು ಮಾಡಿಕೊಳ್ಳಬಾರದು, ರಕ್ತದೊತ್ತಡ ಏರುತ್ತದೆ ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ಅವರಿಗೇನು, ಹೇಳುತ್ತಾರೆ. ಅವರ ಮನೆಯ ಬಾಗಿಲಿಗೆ ಯಾರೂ ಗಾಜು ಹೊಡೆದಿಲ್ಲ. ಅವರು ಉಸಿರಾಡುತ್ತಿರುವಾಗಲೇ ‘ಈ ಮನೆಯವರು ಇಂದು ಯಾರೂ ಇಲ್ಲ’ ಎಂದು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ, ಕೆಳಗೆ ಹೂವಿನ ಗೊಂಚಲು ಇಟ್ಟು ಹೋಗಿಲ್ಲ. ನನಗೆ ಇಷ್ಟೂ ಆಗಿದೆ. ಆದ್ದರಿಂದ ಈ ಕಥೆ ಮುಗಿಯುವವರೆಗೆ ನಾನು ಸಿಟ್ಟಿನಲ್ಲೇ ಇರುತ್ತೇನೆ. ಮಾತ್ರೆ ಆಮೇಲೆ.

ನನ್ನ ಹೆಸರು ಸೆವೆರಿನ್ ಹಾಲ್ಬರ್. ಕ್ರಾಕೋವ್ ನಗರದಲ್ಲಿ ಮೂವತ್ತೆಂಟು ವರ್ಷ ಟ್ರ್ಯಾಮ್ ಓಡಿಸಿ ನಿವೃತ್ತನಾದವನು. ಇಲ್ಲಿನ ಹಳೆಯ ಯಹೂದಿ ಕೇರಿ ಕಾಝಿಮೆಶ್‌ನಲ್ಲಿ, ಹುಟ್ಟಿದ ಮನೆಯಲ್ಲೇ ಎಪ್ಪತ್ತೊಂದು ವರ್ಷದಿಂದ ಇದ್ದೇನೆ. ನೆಲದ ಮಟ್ಟದ ಮನೆ, ಬಾಗಿಲು ನೇರ ಬೀದಿಗೆ. ಮೊದಲು ಅದು ಅಪ್ಪನ ಟೋಪಿ ಅಂಗಡಿಯಾಗಿತ್ತು, ಅದಕ್ಕೇ ಬಾಗಿಲು ಆಳೆತ್ತರಕ್ಕಿಂತ ಬಹಳ ಎತ್ತರ.

ಆ ಬಾಗಿಲುವಾಡದ ಬಲಗಡೆ ನಮ್ಮ ಮೆಝೂಝಾ ಇತ್ತು. ಬೆರಳುದ್ದದ ಹಿತ್ತಾಳೆ ಕರಡಿಗೆ. ಒಳಗೆ ಚರ್ಮದ ಸುರುಳಿಯ ಮೇಲೆ ಕೈಯಲ್ಲಿ ಬರೆದ ದೇವರ ಮಾತು. ಒಳಗೆ ಬರುವಾಗ, ಹೊರಗೆ ಹೋಗುವಾಗ ನಮ್ಮವರು ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಯುದ್ಧ ಮುಗಿದು, ಯಹೂದಿಗಳನ್ನು ಕೊಲ್ಲಲು ಕೂಡಿಹಾಕಿದ್ದ ಶಿಬಿರದಿಂದ ಅಪ್ಪ ಎಲುಬು ಚರ್ಮವಾಗಿ ತಿರುಗಿ ಬಂದಾಗ ಮನೆಯಲ್ಲಿ ಹಾಸಿಗೆ ಇರಲಿಲ್ಲ, ಒಲೆ ಇರಲಿಲ್ಲ. ಅವರು ಮೊದಲು ಹೊಡೆದದ್ದು ಮೆಝೂಝಾ. ಪಕ್ಕದವರು, ‘ಈ ಕಾಲದಲ್ಲಿ ಇದೆಲ್ಲ ಬೇಕಾ, ತೆಗೆದುಬಿಡಿ’ ಎಂದರು. ಅಪ್ಪ ತೆಗೆಯಲಿಲ್ಲ.

೧೯೬೮ರಲ್ಲಿ ಸರ್ಕಾರ ನಮ್ಮವರಲ್ಲಿ ಹೆಚ್ಚಿನವರಿಗೆ ಹೋಗಲು ಮಾತ್ರ ಬರುವ, ಹಿಂದಿರುಗಲು ಬಾರದ ಕಾಗದ ಕೊಟ್ಟು ಊರು ಬಿಡಿಸಿತು. ನನ್ನ ಅಕ್ಕ ದೋರಾ ಹೈಫಾಕ್ಕೆ ಹೋದಳು. ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು. ಮಾತಿನಲ್ಲಿ ಮಾತ್ರ ನಲವತ್ತು ವರ್ಷ ದೊಡ್ಡವಳು. ಹೊರಡುವ ದಿನ ಮೆಝೂಝಾ ತಾನು ಒಯ್ಯುತ್ತೇನೆ ಎಂದಳು. ಅಪ್ಪ, “ಮನೇಲಿ ನಮ್ಮೋರು ಒಬ್ಬರಿದ್ರೂ ಅದು ಬಾಗಿಲಲ್ಲೇ ಇರ್ಬೇಕು” ಎಂದರು. ಆಗ ಅವಳು ಅದರ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

“ಸೆವೆಕ್, ಇದನ್ನ ನೋಡ್ಕೋ. ನಾನು ಯಾವತ್ತಾದ್ರೂ ಬಂದಾಗ ಇದು ಇಲ್ಲಿಲ್ಲ ಅಂದ್ರೆ ಒಳಗೂ ಯಾರೂ ಇಲ್ಲ ಅಂದ್ಕೊಂಡು ಹಂಗೇ ವಾಪಸ್ ಹೋಗ್ತೀನಿ. ಬಾಗಿಲು ಕೂಡ ತಟ್ಟಲ್ಲ.”

ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ರೈಲು ಹತ್ತುವಾಗ ಅವಳು, ಈ ಊರಿಗೆ ಇನ್ನು ಕಾಲಿಡುವುದಿಲ್ಲ ಎಂದೂ ಸಿಟ್ಟಿನಲ್ಲಿ ಅಂದಳು, ಐವತ್ತೊಂದು ವರ್ಷ ಕಾಲಿಡಲಿಲ್ಲ. ನಮ್ಮ ವಂಶದಲ್ಲಿ ಮಾತಿಗೆ ತಪ್ಪುವವನು ನಾನೊಬ್ಬನೇ.

ತಪ್ಪಿದ್ದು ೧೯೮೭ರಲ್ಲಿ. ಅಪ್ಪ ತೀರಿಹೋಗಿದ್ದರು. ಬಾಗಿಲಿಗೆ ಬಣ್ಣ ಬಳಿಯಲೆಂದು ಮೆಝೂಝಾ ಬಿಚ್ಚಿದೆ. ತಿರುಗಿ ಹಾಕುವಾಗ ಹಳೆಯ ತೂತು ಸಡಿಲವಾಗಿದೆ ಎಂದು ಟ್ರ್ಯಾಮ್ ಡಿಪೋದಿಂದ ಒಂದು ಡ್ರಿಲ್ ತಂದೆ. ಅದು ಕಬ್ಬಿಣ ಕೊರೆಯುವ ಡ್ರಿಲ್. ಮರ ಸಿಗಿಯಿತು. ಸಿಗಿದದ್ದನ್ನು ಮುಚ್ಚಲು ಉಳಿ ಹಿಡಿದು ಕರಡಿಗೆ ಕೂರುವ ಹಾಗೆ ಒಂದು ಕುಳಿ ಕೆತ್ತಿದೆ. ನಮ್ಮ ಕಡೆ ಮೆಝೂಝಾವನ್ನು ಓರೆಯಾಗಿ ಹಾಕುತ್ತಾರೆ, ಅದರ ತಲೆ ಮನೆಯ ಒಳಕ್ಕೆ ವಾಲಿರಬೇಕು. ಮೂರು ವರ್ಷದ ಮಗುವಿಗೂ ಇದು ಗೊತ್ತು. ಎಲ್ಲ ಮುಗಿದ ಮೇಲೆ ನನ್ನ ಹೆಂಡತಿ ಗೆನ್ಯಾ ಹೊರಗೆ ಬಂದು ನೋಡಿದಳು.

“ರೀ, ತಲೆ ಬೀದಿ ಕಡೆ ಇದೆಯಲ್ರೀ.”

“ನಾನು ಸರಿಯಾಗೇ ಹಾಕಿದೀನಿ. ಬಾಗಿಲೇ ಓರೆ ಇದೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಪ್ರಾರ್ಥನಾ ಮಂದಿರದ ಹಿರಿಯರು ಒಬ್ಬೊಬ್ಬರಾಗಿ ಬಂದು ನೋಡಿ, “ಹಳಿ ಇಲ್ಲದಿದ್ರೆ ಹಾಲ್ಬರ್‌ಗೆ ದಿಕ್ಕೇ ತಿಳಿಯಲ್ಲ” ಎಂದು ನಕ್ಕು ಹೋದರು. ನಾನು ಸರಿಪಡಿಸಲಿಲ್ಲ. ಸರಿಪಡಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಮೂವತ್ತೆರಡು ವರ್ಷ ಅದು ಬೀದಿ ನೋಡುತ್ತಲೇ ಇತ್ತು.

ಆ ಸುರುಳಿಯನ್ನು ಏಳು ವರ್ಷಕ್ಕೆ ಎರಡು ಸಲ ಲಿಪಿಕಾರರಿಗೆ ಕೊಟ್ಟು, ಅಕ್ಷರ ಅಳಿಸಿದೆಯೇ ಎಂದು ನೋಡಿಸಬೇಕು. ಈ ವಸಂತದಲ್ಲಿ ಅದರ ಸರದಿ ಬಂತು. ಕರಡಿಗೆ ಬಿಚ್ಚಿ ವಾರ್ಸಾದ ಲಿಪಿಕಾರರಿಗೆ ಅಂಚೆಯಲ್ಲಿ ಕಳಿಸಿದೆ. ಬಾಗಿಲುವಾಡದಲ್ಲಿ ಉಳಿದದ್ದು ನಾನು ಕೆತ್ತಿದ ಓರೆ ಕುಳಿ ಮಾತ್ರ.

ಮರುವಾರ ಸೋಮವಾರ ನಾನು ಬನಿಯನ್ನಿನಲ್ಲಿ ನಿಂತು ಹೊಸ್ತಿಲು ಒರೆಸುತ್ತಿದ್ದೆ. ಬಿಳಿ ಕೈಗವಸು ತೊಟ್ಟ ಒಬ್ಬ ಹೆಂಗಸು ಬಂದಳು. ನನ್ನನ್ನು ನೋಡಲಿಲ್ಲ. ಬಾಗಿಲುವಾಡ ನೋಡಿದಳು, ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಏನಾಯ್ತಮ್ಮ? ಜೇನು ಕಚ್ತಾ?”

“ತಾತ, ಸ್ವಲ್ಪ ಅಲ್ಲಾಡ್ಬೇಡಿ, ಧೂಳು ಏಳತ್ತೆ.”

ಚೀಲದಿಂದ ಭೂತಗನ್ನಡಿ ತೆಗೆದು ಕುಳಿಯ ಮೇಲೆ ಬಗ್ಗಿದಳು. ಅವಳ ಹೆಸರು ಡಾಕ್ಟರ್ ವ್ರೋನಾ. ‘ಅಳಿದವರ ಗುರುತು ಉಳಿಸುವ ಇಲಾಖೆ’ಯವಳು. ಹಳೆಯ ಮನೆಗಳಲ್ಲಿ ಮೆಝೂಝಾ ಕಿತ್ತುಹೋದ ಕಲೆಗಳನ್ನು ಹುಡುಕಿ ಅಳೆದು ದಾಖಲಿಸುವುದು ಅವಳ ಉದ್ಯೋಗ.

“ಹೊರಗೆ ವಾಲಿದೆ!” ಎಂದಳು. “ನಾನೂರಾ ಹನ್ನೆರಡು ಗುರುತು ನೋಡಿದೀನಿ ತಾತ, ಒಂದಾದ್ರೂ ಹೊರಗೆ ವಾಲಿರ್ಲಿಲ್ಲ. ಇದನ್ನ ಕೆತ್ತಿದೋರು ಯಾರು ಅಂತ ಏನಾದ್ರೂ ಗೊತ್ತಾ?”

ಇಲ್ಲಿ ನಾನು ‘ನಾನೇ’ ಎಂದು ಒಂದು ಮಾತು ಹೇಳಬೇಕಿತ್ತು. ಮೂವತ್ತೆರಡು ವರ್ಷ ಹೆಂಡತಿಯಿಂದ ಬೈಸಿಕೊಂಡವನು ಮತ್ತೊಬ್ಬಳಿಂದ ಬೈಸಿಕೊಳ್ಳುವುದು ಬೇಡ ಎನಿಸಿತು.

“ಹಾಲ್ಬರ್ ಅನ್ನೋರು,” ಎಂದೆ. ಇದು ಸುಳ್ಳಲ್ಲ.

“ಬಹಳ ಹಳೇದಾ?”

“ಬಹಳ ಹಳೇದಮ್ಮ.” ಇದೂ ಪೂರಾ ಸುಳ್ಳಲ್ಲ.

“ಎಂಥಾ ಧೈರ್ಯ ನೋಡಿ! ಲೋಕವೆಲ್ಲ ಒಳಗೆ ಅಂದ್ರೆ ಇವರು ಹೊರಗೆ ಅಂದಿದಾರೆ. ಉಳಿ ಏಟು ನೋಡಿ, ಎಷ್ಟು ಒರಟು, ಎಷ್ಟು ಸ್ವತಂತ್ರ! ಮೇಧಾವಿ ಇರ್ಬೇಕು.”

ನನ್ನ ಜನ್ಮದಲ್ಲಿ ಯಾರೂ ನನ್ನ ಕೈಕೆಲಸವನ್ನು ಹೊಗಳಿರಲಿಲ್ಲ. ನೆಲ ಒರೆಸುವ ಕೋಲು ಹಿಡಿದುಕೊಂಡೇ ಎದೆ ಉಬ್ಬಿಸಿದೆ.

“ಅಂಥ ಕೈ ಈಗೆಲ್ಲಿ ತಾಯಿ! ಅಂಥ ಜನ ಈಗ ಯಾರೂ ಇಲ್ಲ.”

ಅವಳು ಕಣ್ಣೊರೆಸಿಕೊಂಡು ‘ಯಾರೂ ಇಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. “ನೀವು?” ಎಂದಳು. “ನಾನು ಟ್ರ್ಯಾಮ್ ಡ್ರೈವರ್” ಎಂದೆ. ಅದನ್ನೂ ಬರೆದುಕೊಂಡು, ಗುರುತನ್ನು ಕಾಪಾಡಲು ಏನಾದರೂ ಮಾಡಬಹುದೇ ಎಂದು ಕೇಳಿದಳು. ಧಾರಾಳವಾಗಿ ಮಾಡಿ ಎಂದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಹತ್ತು ದಿನ ಕಳೆಯಿತು. ಗುರುವಾರ ಪೇಟೆಯಿಂದ ಗೆಂಡೆ ಮೀನು ಹಿಡಿದುಕೊಂಡು ಬರುತ್ತೇನೆ, ನನ್ನ ಬಾಗಿಲುವಾಡಕ್ಕೆ ಗಾಜಿನ ಪೆಟ್ಟಿಗೆ! ನಾಲ್ಕು ಮೂಲೆಗೆ ನಾಲ್ಕು ತಿರುಪು. ಪಕ್ಕದ ಗೋಡೆಗೆ ಹಿತ್ತಾಳೆ ಫಲಕ, ಕೆಳಗೆ ಹೂವಿನ ಗೊಂಚಲು. ಫಲಕದಲ್ಲಿ: ‘ಹೊರಗೆ ವಾಲಿದ ಮೆಝೂಝಾದ ಗುರುತು. ಈ ಬಗೆಯದು ಬೇರೆಲ್ಲೂ ಇಲ್ಲ. ಇಲ್ಲಿ ಬಾಳಿದ ಹಾಲ್ಬರ್ ಕುಟುಂಬದವರು ಇಂದು ಯಾರೂ ಇಲ್ಲ. ದಯವಿಟ್ಟು ಮುಟ್ಟಬೇಡಿ.’

“ಗೆನ್ಯಾ! ಏನೇ ಇದು?”

ಅವಳು ಸೊಂಟಕ್ಕೆ ಕೈ ಕೊಟ್ಟು ಹೊಸ್ತಿಲಲ್ಲಿ ನಿಂತಿದ್ದಳು. “ನಿಮ್ಮ ಸ್ನೇಹಿತರು ಬಂದು ಹಾಕಿಹೋದ್ರು. ನೀವು ಒಪ್ಪಿದೀರಂತೆ.”

“ನಾನೆಲ್ಲಿ ಒಪ್ದೆ?”

“ನಂಗೇನ್ ಗೊತ್ತು? ಓದಿ ನೋಡಿ, ನೀವು ಇಲ್ವಂತೆ. ಇಲ್ದೇ ಇರೋರು ಮೀನು ತಂದಿದೀರಲ್ಲ, ಅದೇ ದೊಡ್ಡದು. ಕೊಡಿ ಇಲ್ಲಿ.”

ಮುಟ್ಟಬೇಡಿಯಂತೆ! ಮುಟ್ಟುವುದಕ್ಕೇ ಇರುವ ವಸ್ತು ಅದು. ಅಪ್ಪ ದಿನಕ್ಕೆ ಹತ್ತು ಸಲ ಮುಟ್ಟಿ ಮುಟ್ಟಿ ಹಿತ್ತಾಳೆ ಸವೆದಿತ್ತು. ಬಾಗಿಲು ನನ್ನದು, ತಪ್ಪು ನನ್ನದು, ಉಳಿ ನನ್ನದು. ಮುಟ್ಟಬೇಡ ಎನ್ನಲು ಇವರು ಯಾರು?

ಮಾರನೆಯ ದಿನದಿಂದ ಪ್ರವಾಸಿಗಳು ಶುರುವಾದರು. ಮಹಡಿಯ ಮೇಲಿನ ಬೋಗುಶಾ ಚೌಕದಲ್ಲಿ ಎಳ್ಳು ಹಚ್ಚಿದ ಬಳೆ ರೊಟ್ಟಿ ಮಾರುವವಳು. ಅವಳು ಗಾಡಿಯನ್ನು ಚೌಕದಿಂದ ಕಿತ್ತು ತಂದು ನನ್ನ ಬಾಗಿಲ ಪಕ್ಕ ನಿಲ್ಲಿಸಿದಳು.

“ಬೇಜಾರ್ ಮಾಡ್ಕೋಬೇಡಿ ಹಾಲ್ಬರ್ ಅವರೇ, ನೀವು ಹೋದ್ಮೇಲೆ ವ್ಯಾಪಾರ ಚೆನ್ನಾಗಿದೆ.”

ರೊಟ್ಟಿಯ ಪಕ್ಕದಲ್ಲಿ ಹೊಸ ಸರಕು ಕಾಣಿಸಿತು. ಹೆಬ್ಬೆರಳುದ್ದದ ಮರದ ಬೊಂಬೆಗಳು. ಗಡ್ಡ, ಕರಿ ಟೋಪಿ, ಕೈಯಲ್ಲೊಂದು ನಾಣ್ಯ.

“ಇವನ್ಯಾರು?”

“ನಿಮ್ಮೋರು. ಮನೇಲಿ ಇಟ್ಕೊಂಡ್ರೆ ದುಡ್ಡು ಬರತ್ತಂತೆ.”

“ನಮ್ಮ ಮನೇಲಿ ಎಪ್ಪತ್ತೊಂದು ವರ್ಷದಿಂದ ಅಸಲಿನೇ ಇಟ್ಟಿದೆ! ಸೋರೋ ನಲ್ಲಿ ರಿಪೇರಿಗೆ ದುಡ್ಡಿಲ್ಲ! ತೆಗಿ ಇದನ್ನ!”

ನನ್ನ ಗಂಟಲಿಗೆ ಹೆದರಿ ಪಾರಿವಾಳಗಳು ಹಾರಿದವು. ಬೋಗುಶಾ ಕೆಟ್ಟವಳಲ್ಲ. ಬೊಂಬೆಗಳನ್ನು ಬಾಚಿ ಗಾಡಿಯ ಕೆಳಗೆ ಹಾಕಿ, “ಅಷ್ಟೊಂದು ಕೂಗ್ಬೇಡಿ, ಹೋಗ್ಬಿಟ್ಟೀರ” ಎಂದು ಒಂದು ರೊಟ್ಟಿ ಕೊಟ್ಟಳು. ತಿಂದೆ. ಸಿಟ್ಟಿಗೂ ಹಸಿವಾಗುತ್ತದೆ.

ರೊಟ್ಟಿ ಬಾಯಲ್ಲಿದ್ದಾಗಲೇ ಹಳದಿ ಛತ್ರಿಯ ಗೈಡ್ ಒಬ್ಬ ಇಪ್ಪತ್ತು ಜನರನ್ನು ಕರೆತಂದ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಏನೋ ಕೇಳಿದಳು. ಅವನು ನನಗೆ ಅನುವಾದಿಸಿದ.

“ಈ ಕೇರೀಲಿ ಈಗ್ಲೂ ಯಹೂದಿಗಳು ಯಾರಾದ್ರೂ ಇದಾರಾ ಅಂತ ಕೇಳ್ತಿದಾರೆ. ಒಬ್ಬರನ್ನಾದ್ರೂ ನೋಡ್ಬೇಕಂತೆ, ಪಾಪ.”

“ನೋಡ್ಲಿ. ನಾನೇ ಇದೀನಲ್ಲ.”

ಅವನು ನನ್ನ ಟ್ರ್ಯಾಮ್ ಡಿಪೋ ಟೋಪಿಯನ್ನು ನೋಡಿ ನಕ್ಕ. “ತಾತ ಬಹಳ ತಮಾಷೆ. ಸ್ವಲ್ಪ ಆಕಡೆ ಸರೀರಿ, ಫಲಕ ಕಾಣ್ತಿಲ್ಲ.”

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವರು ಅದಕ್ಕೂ ಮೇಲೆ. ಕೂಸು ಕಿರುಚಿದರೆ, ಸುಮ್ಮನಿರು, ಹುಡುಕುತ್ತಿದ್ದೇವೆ ಎನ್ನುವವರು.

ಅವತ್ತೇ ಅಂಚೆಯಲ್ಲಿ ಕರಡಿಗೆ ಬಂತು. ಒಂದು ಅಕ್ಷರ ಬಿರುಕು ಬಿಟ್ಟಿತ್ತು, ಸರಿಮಾಡಿದ್ದೇನೆ, ಬಾಗಿಲು ಬರಿದಾಗಿ ಬಿಡಬೇಡಿ ಎಂದು ಲಿಪಿಕಾರರ ಚೀಟಿ. ಅದನ್ನು ಓದುತ್ತಿರುವಾಗಲೇ ಫೋನು ಬಂತು. ಅಕ್ಕ.

“ಭಾನುವಾರ ಬರ್ತಿದೀನಿ.”

“ಎಲ್ಲಿಗೆ?”

“ಚಂದ್ರಲೋಕಕ್ಕೆ! ಮನೆಗೆ ಕಣೋ. ಸಾಯೋದ್ರೊಳಗೆ ಒಂದ್ಸಲ ಅಪ್ಪ ಹೊಡೆದಿದ್ದನ್ನ ಮುಟ್ಬೇಕು ಅನ್ಸಿದೆ. ಇದೆ ತಾನೇ?”

“ಇದೆ ಅಕ್ಕ,” ಎಂದೆ. ಕೈಯಲ್ಲೇ ಇತ್ತು.

ಭಾನುವಾರಕ್ಕೆ ಎರಡು ದಿನ. ನಾನು ಒಂದೇ ಓಟಕ್ಕೆ ಇಲಾಖೆಗೆ ಹೋದೆ. ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತ ಕೂತಿದ್ದ.

“ಗಾಜು ತೆಗೆಸ್ಬೇಕು ಸ್ವಾಮಿ.”

“ಆಕ್ಷೇಪಣೆ ಸಲ್ಲಿಸೋ ಹಕ್ಕು ಕುಟುಂಬದ ವಾರಸುದಾರರಿಗೆ ಮಾತ್ರ.”

“ನಾನೇ ವಾರಸುದಾರ.”

“ವಾರಸುದಾರರು ಇಲ್ಲ ಅಂತ ಕಡತದಲ್ಲಿದೆ.”

“ಯಾವ ಕತ್ತೆ ಹಂಗೆ ಹೇಳಿದ್ದು?”

ಅವನು ಹಾಳೆ ತಿರುವಿದ. “ಸ್ಥಳೀಯರು, ನಿವೃತ್ತ ಟ್ರ್ಯಾಮ್ ಡ್ರೈವರ್ ಒಬ್ಬರು. ‘ನಂಬಿಕಸ್ಥ ಸಾಕ್ಷಿ’ ಅಂತ ಷರಾ ಇದೆ.”

“ಆ ಡ್ರೈವರ್ ಮಹಾ ಸುಳ್ಳ!”

“ನಿಮಗೆ ಅವರ ಪರಿಚಯ ಇದೆಯಾ?”

“ಹುಟ್ಟಿದಾಗಿಂದ!”

“ಹಾಗಾದ್ರೆ ಅವರನ್ನೇ ಕರ್ಕೊಂಡ್ ಬನ್ನಿ. ಹೇಳಿಕೆ ಹಿಂದಕ್ಕೆ ತಗೊಳ್ಳೋಕೆ ಖುದ್ದು ಹಾಜರಾಗ್ಬೇಕು.”

“ಖುದ್ದು ನಿಂತಿದೀನಲ್ರೀ! ನಾನೇ ಡ್ರೈವರ್, ನಾನೇ ಹಾಲ್ಬರ್!”

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ನೀವು ಹಾಲ್ಬರ್ ಆದ್ರೆ ಬದುಕಿದೀರಿ ಅಂತಾಯ್ತು. ಬದುಕಿರೋರದ್ದು ನಮ್ಮ ಇಲಾಖೆಗೆ ಬರಲ್ಲ ಸ್ವಾಮಿ.”

ನಾನು ಕಿಟಕಿಯ ಹಲಗೆಗೆ ಗುದ್ದಿದೆ. ಸದ್ದು ಕೇಳಿ ಒಳಗಿನಿಂದ ಡಾಕ್ಟರ್ ವ್ರೋನಾ ಬಂದಳು. ನಾನು ಹಾಲ್ಬರ್ ಎಂದು ತಿಳಿದದ್ದೇ ನನ್ನ ಕೈ ಹಿಡಿದುಕೊಂಡಳು, ಕೈಗವಸಿನಲ್ಲೇ.

“ನೀವು ಇದೀರಾ! ನನಗೆಷ್ಟು ಸಂತೋಷ ಆಯ್ತು ಗೊತ್ತಾ!”

“ಸಂತೋಷ ಆಗಿದ್ರೆ ಗಾಜು ತೆಗೀರಿ. ಅಲ್ಲಿ ಮೆಝೂಝಾ ಹಾಕ್ಬೇಕು.”

ಅವಳ ಮುಖ ಬಾಡಿತು. “ಅದು ಹೆಂಗಾಗತ್ತೆ? ಮೆಝೂಝಾ ಹಾಕಿದ್ರೆ ಗುರುತು ಮುಚ್ಚಿಹೋಗತ್ತೆ. ಖಾಲಿ ಇರೋದೇ ಅದರ ಬೆಲೆ ಹಾಲ್ಬರ್ ಅವರೇ. ಬೇಕಾದ್ರೆ ಫಲಕ ತಿದ್ದೋಣ. ಮೂರು ತಿಂಗಳಾಗತ್ತೆ. ‘ಬಹುತೇಕ ಯಾರೂ ಇಲ್ಲ’ ಅಂತ ಬರೆಸಬಹುದು.”

ಬಹುತೇಕ ಯಾರೂ ಇಲ್ಲ! ಎಂಬತ್ತೆಂಟು ಕಿಲೋ ತೂಗುತ್ತೇನೆ ನಾನು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು, “ನಿಮ್ಮ ಮುತ್ತಜ್ಜ ಎಂಥಾ ಮೇಧಾವಿ! ಆ ಓರೆ ಮೇಲೆ ಅರವತ್ತು ಪುಟ ಬರ್ದಿದೀನಿ. ಭಾನುವಾರ ಫಲಕದ ಉದ್ಘಾಟನೆ, ನೀವೇ ಮುಖ್ಯ ಅತಿಥಿ” ಎಂದಳು. ತೆರೆದ ಬಾಯಿ ಮುಚ್ಚಿಕೊಂಡಿತು. ಈ ಸಿಟ್ಟೆಲ್ಲ ಅವಳ ಮೇಲೆ ಎಂದು ತಿಳಿಯಬೇಡಿ. ಅರ್ಧಕ್ಕಿಂತ ಹೆಚ್ಚು ಆ ಮುಚ್ಚಿಕೊಂಡ ಬಾಯಿಯ ಮೇಲೆ.

ಮನೆಗೆ ಬಂದರೆ ಗೆನ್ಯಾ ಕಾಯುತ್ತಿದ್ದಳು. “ಕೆತ್ತಿದ್ದು ನಾನೇ ಅಂತ ಹೇಳಿದ್ರಾ?”

“ಮುಖ್ಯ ಅತಿಥಿ ಅಂತ ಕರೆದಿದಾರೆ.”

“ಹೇಳಿದ್ರಾ ಅಂದೆ.”

“ಸಮಯ ನೋಡಿ ಹೇಳ್ಬೇಕು ಕಣೇ.”

“ಮೂವತ್ತೆರಡು ವರ್ಷ ಸಾಲ್ದಾ? ನಿಮ್ಮಕ್ಕ ಬಂದು ಬಾಗಿಲಿಂದ ವಾಪಸ್ ಹೋದ್ರೆ ನಾನೂ ಅದೇ ಟ್ಯಾಕ್ಸೀಲಿ ಹೋಗ್ತೀನಿ. ಆಮೇಲೆ ಫಲಕ ಹೇಳೋದೇ ಸರಿ ಇರತ್ತೆ.” ಹೀಗೆಂದವಳು ಭಾನುವಾರದವರೆಗೆ ನನ್ನೊಡನೆ ಮಾತು ಬಿಟ್ಟಳು. ಗೆಂಡೆ ಮೀನಿನ ತಲೆ ನನಗೆ ಬರಬೇಕಾದದ್ದು, ಅದನ್ನು ಬೋಗುಶಾಳ ಬೆಕ್ಕಿಗೆ ಹಾಕಿದಳು.

ಭಾನುವಾರ ಹತ್ತು ಗಂಟೆಗೆ ಬೀದಿ ತುಂಬಿತ್ತು. ಕುರ್ಚಿಗಳು, ಮೈಕು, ಇಲಾಖೆಯ ನಿರ್ದೇಶಕರು, ಹಳದಿ ಛತ್ರಿ, ಅದರ ಹಿಂದೆ ನಲವತ್ತು ಜನ. ನನ್ನ ಕೋಟಿಗೆ ನೀಲಿ ಪಟ್ಟಿ ಚುಚ್ಚಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ನನ್ನ ಬಾಗಿಲ ಮುಂದೆ ನನ್ನನ್ನೇ ಅತಿಥಿ ಮಾಡಿದ್ದಾರೆ, ನಾನೂ ಮೀಸೆ ತಿರುವಿಕೊಂಡು ಕೂತಿದ್ದೇನೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ವ್ರೋನಾ ಮೈಕಿನ ಮುಂದೆ ಹೇಳುತ್ತಿದ್ದಳು: “ಈ ಓರೆ ಆಕಸ್ಮಿಕವಲ್ಲ. ಇದೊಂದು ದರ್ಶನ. ಜಗತ್ತಿಗೆ ಬಾಗಿಲು ತೆರೆದಿಟ್ಟ ಒಬ್ಬ ಜ್ಞಾನಿಯ ಮೌನ ಬೋಧನೆ.” ಗೈಡ್ ಮೂರು ಭಾಷೆಗೆ ಅನುವಾದಿಸಿದ. ಮೂರು ಸಲ ಚಪ್ಪಾಳೆ ಬಿತ್ತು.

ಮೂರನೆಯ ಚಪ್ಪಾಳೆಯ ಹೊತ್ತಿಗೆ ಟ್ಯಾಕ್ಸಿ ಬಂದು ನಿಂತಿತು. ಅಕ್ಕ ಇಳಿದಳು. ಗಿಡ್ಡಗಾಗಿದ್ದಳು, ಕೋಲು ಹಿಡಿದಿದ್ದಳು, ಆದರೆ ನಡಿಗೆ ಅದೇ. ಜನ ತಾವಾಗಿ ದಾರಿ ಬಿಟ್ಟರು. ಅವಳು ಯಾರನ್ನೂ ನೋಡಲಿಲ್ಲ. ನೇರ ಬಾಗಿಲಿಗೆ ಬಂದು, ಐವತ್ತೊಂದು ವರ್ಷದ ಹಿಂದಿನ ಅಭ್ಯಾಸದಲ್ಲೇ ತಲೆಯೆತ್ತದೆ ಕೈ ಚಾಚಿದಳು. ಅವಳ ಉಂಗುರ ಗಾಜಿಗೆ ಟಕ್ಕೆಂದು ಬಡಿಯಿತು.

“ಅಮ್ಮಾ, ದಯವಿಟ್ಟು ಮುಟ್ಬೇಡಿ,” ಎಂದಳು ವ್ರೋನಾ.

ಅಕ್ಕ ಗಾಜನ್ನು ನೋಡಿದಳು. ಅದರ ಹಿಂದೆ ಏನೂ ಇಲ್ಲದ್ದನ್ನು ನೋಡಿದಳು. ಫಲಕವನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಆಮೇಲೆ ಟ್ಯಾಕ್ಸಿ ಡ್ರೈವರ್ ಕಡೆ ತಿರುಗಿದಳು.

“ಸಾಮಾನು ಇಳಿಸ್ಬೇಡಪ್ಪ. ಇಲ್ಲಿ ಯಾರೂ ಇಲ್ಲಂತೆ. ವಾಪಸ್ ಹೋಗೋಣ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಭಯವಾದದ್ದು. ಅಕ್ಕ ಸಿಟ್ಟಿಲ್ಲದೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕುರ್ಚಿ ಉರುಳಿಸಿಕೊಂಡು ಎದ್ದೆ.

“ಅಕ್ಕಾ! ನಾನು, ಸೆವೆಕ್!”

“ಸೆವೆಕ್ ಇಲ್ಲ ಅಂತ ಬರ್ದಿದಾರಲ್ಲಪ್ಪ.”

“ಇದೀನಿ ಕಣೇ! ಯಾರೂ ಇಲ್ಲ ಅಂತ ಹೇಳಿದೋನೂ ನಾನೇ! ಈ ಗುರುತು ಕೆತ್ತಿದೋನೂ ನಾನೇ! ಮುತ್ತಜ್ಜ ಅಲ್ಲ, ಜ್ಞಾನಿ ಅಲ್ಲ. ನಾನು, ಎಂಬತ್ತೇಳನೇ ಇಸವಿ, ಡಿಪೋ ಡ್ರಿಲ್ಲಲ್ಲಿ! ಅಪ್ಪ ಸರಿಯಾಗೇ ಹಾಕಿದ್ರು. ಬಣ್ಣ ಹೊಡಿಯೋಕೆ ಬಿಚ್ಚಿ ಓರೆ ಮಾಡಿದೋನು ನಾನು. ಅದು ದರ್ಶನ ಅಲ್ಲ, ದಡ್ಡತನ!”

ಗೈಡ್ ಕರ್ತವ್ಯನಿಷ್ಠ. ‘ದಡ್ಡತನ’ವನ್ನು ಮೂರು ಭಾಷೆಗೂ ಅನುವಾದಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

“ಅರವತ್ತು ಪುಟ...” ಎಂದು ವ್ರೋನಾ ಕುರ್ಚಿಯಲ್ಲಿ ಕುಸಿದಳು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ಸುಳ್ಳೋ ನಿಜವೋ, ಈಗ ದಾಖಲಾಗಿದೆ. ದಾಖಲಾದದ್ದನ್ನ ಮುಟ್ಟೋ ಹಾಗಿಲ್ಲ. ಗಾಜು ತೆಗೆಯೋಕಾಗಲ್ಲ.”

ಆಗ ನನಗೆ ಬಂದ ಸಿಟ್ಟು ಇದೆಯಲ್ಲ, ಅದು ನನ್ನದೊಬ್ಬನದಲ್ಲ. ಅಪ್ಪನದೂ ಅದರಲ್ಲಿ ಇತ್ತು.

“ಸ್ವಾಮಿ, ನಮ್ಮ ಗೋರಿ ತೊಳೀತೀರಿ, ನಮ್ಮ ಹಾಡು ಹಾಡ್ತೀರಿ, ನಮ್ಮ ಗಡ್ಡದ ಬೊಂಬೆ ಮಾಡಿ ಮಾರ್ತೀರಿ. ಕಿತ್ತುಹೋದ ಕಲೆ ಕಂಡ್ರೆ ಅಳ್ತೀರಿ. ಐವತ್ತೊಂದು ವರ್ಷದ ಹಿಂದೆ ಈಕೆ ಇದೇ ಬಾಗಿಲಿಂದ ಒಂದು ಪೆಟ್ಟಿಗೆ ಹಿಡ್ಕೊಂಡು ಹೊರಟಾಗ ಈ ಬೀದೀಲಿ ಒಂದು ಕಿಟಕಿ ತೆಗೀಲಿಲ್ಲ. ಅವತ್ತು ಒಬ್ರಾದ್ರೂ ಬಂದು ಮುಟ್ಬೇಡಿ ಅಂದ್ರಾ? ಖಾಲಿ ಜಾಗಕ್ಕೆ ಗಾಜು ಹಾಕೋರು, ತುಂಬಿದ್ದಾಗ ಎಲ್ಲಿದ್ರಿ?”

ಗೈಡ್ ಈ ಸಲ ಅನುವಾದಿಸಲಿಲ್ಲ. ಛತ್ರಿ ಮಡಚಿದ. ಬೋಗುಶಾ ಗಾಡಿಯ ಕೆಳಗಿದ್ದ ಬೊಂಬೆಗಳ ಡಬ್ಬವನ್ನು ಕಾಲಿನಿಂದ ಇನ್ನೂ ಒಳಕ್ಕೆ ತಳ್ಳಿದಳು.

ಅಕ್ಕ ಟ್ಯಾಕ್ಸಿಯ ಬಾಗಿಲು ಬಿಟ್ಟು ಹಿಂದಕ್ಕೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೋಟಿನ ನೀಲಿ ಪಟ್ಟಿಯನ್ನು ಕಿತ್ತು ನನ್ನ ಜೇಬಿಗೇ ತುರುಕಿದಳು. ಆಮೇಲೆ ಕೋಲೆತ್ತಿ ಗಾಜಿನ ಮೇಲಂಚನ್ನು ತೋರಿಸಿದಳು.

“ನಿರ್ದೇಶಕರೇ, ದಾಖಲಾಗಿರೋದು ಎಷ್ಟು?”

“ಗಾಜಿನ ಒಳಗಿರೋದು ಅಮ್ಮ.”

“ಅದರ ಮೇಲಿನ ಮರ?”

ಅವರು ಕಡತ ತೆಗೆದು ನೋಡಿದರು, ಮಗುಚಿ ನೋಡಿದರು. “ಅದು... ಇದರಲ್ಲಿಲ್ಲ.”

“ಹಾಗಾದ್ರೆ ಅದು ನಮ್ಮದು. ಬಾಗಿಲಿನ ಮೇಲಿನ ಮೂರನೇ ಪಾಲು, ಶಾಸ್ತ್ರಕ್ಕೂ ಸರಿ. ಗೆನ್ಯಾ!”

ಗೆನ್ಯಾ ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ತಿರುಪುಳಿ. ಬೋಗುಶಾ ತಾನು ಕೂರುವ ಸ್ಟೂಲ್ ತಂದು ಹಾಕಿದಳು. ನಾನು ಹತ್ತಿದೆ. ನಲವತ್ತು ಜನ, ಒಬ್ಬ ನಿರ್ದೇಶಕ, ಒಬ್ಬ ಹೆಂಡತಿ, ಒಬ್ಬ ಅಕ್ಕ. ಇಷ್ಟೂ ಕಣ್ಣು ನನ್ನ ಬೆನ್ನ ಮೇಲೆ. ಕರಡಿಗೆಯನ್ನು ಮರಕ್ಕೆ ಒತ್ತಿ ಹಿಡಿದೆ, ಆಮೇಲೆ ಅಲ್ಲೇ ನಿಂತುಬಿಟ್ಟೆ.

“ಅಕ್ಕ... ಯಾವ ಕಡೆ ವಾಲಿಸ್ಲಿ?”

“ಅಯ್ಯೋ ಕರ್ಮವೇ! ಒಳಗೆ ಕಣೋ!”

“ಒಳಗೆ ರೀ!” ಎಂದಳು ಗೆನ್ಯಾ. ಎರಡು ದಿನದ ಮೇಲೆ ಆಡಿದ ಮೊದಲ ಮಾತು.

“ಒಳಗೆ ಹಾಲ್ಬರ್ ಅವರೇ,” ಎಂದಳು ಡಾಕ್ಟರ್ ವ್ರೋನಾ, ಮೂಗು ಒರೆಸಿಕೊಳ್ಳುತ್ತ. ನಾನೂರಾ ಹನ್ನೆರಡು ನೋಡಿದವಳು, ಅವಳಿಗೆ ಗೊತ್ತಿಲ್ಲವೇ. ಸ್ಟೂಲಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವಳೂ ಅವಳೇ. ಕೈಗವಸು ಕಳಚಿಟ್ಟಿದ್ದಳು.

ಒಳಗೆ ವಾಲಿಸಿದೆ. ಹೇಳಬೇಕಾದ ಪ್ರಾರ್ಥನೆ ಹೇಳಿ ಎರಡು ತಿರುಪು ತಿರುಗಿಸಿದೆ. ಮರ ಸಿಗಿಯಲಿಲ್ಲ.

ನಾನು ಇಳಿದ ಮೇಲೆ ಅಕ್ಕ ಹತ್ತಿದಳು. ಬೇಡ ಎಂದರೆ ಕೇಳುವವಳೇ? ಒಂದು ಕಡೆ ನಾನು, ಇನ್ನೊಂದು ಕಡೆ ಗೆನ್ಯಾ ಹಿಡಿದುಕೊಂಡೆವು. ತುದಿಗಾಲಲ್ಲಿ ನಿಂತು ಸವೆದ ಹಿತ್ತಾಳೆಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಬೆರಳಿಗೆ ಮುತ್ತಿಟ್ಟು, ಸ್ಟೂಲಿನ ಮೇಲಿಂದಲೇ ಬೀದಿಯ ಕಡೆ ತಿರುಗಿ ಗದರಿದಳು.

“ಏನಪ್ಪಾ ಡ್ರೈವರ್, ಬಾಯಿ ಬಿಟ್ಕೊಂಡು ನೋಡ್ತಾ ನಿಂತೆ? ಸಾಮಾನು ಇಳ್ಸು. ಮನೇಲಿ ಜನ ಇದಾರೆ.”